ಸೋಮವಾರ ಹೂಡದ ಗಾಡಿ

ದಲ್ಲಾಳಿ ತಿಮ್ಮರಾಯಪ್ಪನವರು ಯಾವುದನ್ನೇ ಆಗಲಿ ಮೊದಲು ಹಿಂದಿನಿಂದ ನೋಡುತ್ತಿದ್ದರು. ದನದ ವ್ಯಾಪಾರದವರಿಗೆ ಅದು ಸಹಜ. ಎತ್ತಿನ ತೊಡೆ, ಬಾಲದ ಬುಡ, ಹಿಂಗಾಲಿನ ಗೊರಸು ನೋಡಿಕೊಂಡೇ ಮುಖದ ಕಡೆಗೆ ಬರಬೇಕು. ಆದರೆ ಈ ಪುಣ್ಯಾತ್ಮರು ಮನುಷ್ಯರ ಮನೆಗೂ ಹಾಗೆಯೇ ಬರುತ್ತಿದ್ದರು. ಮಧುಗಿರಿಯಲ್ಲಿ ನಾವು ಬಾಡಿಗೆಗಿದ್ದ ಮನೆಗೆ ಒಂದು ಭಾನುವಾರ ಮೊದಲ ಸಲ ಬಂದಾಗ ನೇರ ಹಿತ್ತಲಿಗೆ ಹೋಗಿ, ನೀರಿನ ತೊಟ್ಟಿ ಇಣುಕಿ, ಬೇಲಿ ಅಲುಗಾಡಿಸಿ, ಬಚ್ಚಲ ಗೋಡೆಗೊಂದು ಗುದ್ದು ಕೊಟ್ಟು, ಆಮೇಲೆ ಮುಂಬಾಗಿಲಿಗೆ ಬಂದು ಯಾರವ್ವಾ ಒಳಗೆ ಎಂದು ಕೂಗಿದರು. ನನ್ನ ಹೆಂಡತಿ ಶಾರದೆ ಹಾಡಹಗಲೇ ಕಳ್ಳ ಬಂದನೆಂದು ಒನಕೆ ಹಿಡಿದು ನಿಂತಿದ್ದಳು. ಅದನ್ನು ನೋಡಿ ಅವರಿಗೆ ಬಲು ಸಂತೋಷವಾಯಿತು. ಈ ಮನೆಯಲ್ಲಿ ದನ ಕಾಯುವವರು ಇದ್ದಾರೆ, ಪರವಾಗಿಲ್ಲ ಎಂದರು.

ಅವರು ನೋಡಲು ಬಂದದ್ದು ನಮ್ಮನ್ನಲ್ಲ. ತಮ್ಮ ಹಳೆಯ ಮೋಟಾರ್ ಸೈಕಲ್ಲನ್ನು ನನಗೆ ಮಾರಬಹುದೋ ಬೇಡವೋ ಎಂದು ತೀರ್ಮಾನಿಸಲು, ಅದು ಬಂದು ನಿಲ್ಲುವ ಜಾಗವನ್ನು ನೋಡಲು ಬಂದಿದ್ದರು.

ಆಳು ದಪ್ಪ, ಎತ್ತರ. ಹುಟ್ಟಿದ್ದು ಬುಕ್ಕಾಪಟ್ಟಣದ ಕಡೆ ಕುರಿ ಸಾಕುವವರ ಮನೆಯಲ್ಲಿ, ನೆಲೆ ನಿಂತದ್ದು ಮಧುಗಿರಿಯ ಅಂಚಿನಲ್ಲಿ. ಎಡ ಹೆಗಲ ಮೇಲೆ ಸದಾ ಒಂದು ಕೆಂಪಂಚಿನ ಟವಲು. ಬೆವರು ಒರೆಸಿಕೊಳ್ಳಲು ಬೇರೆ ಚೌಕವಿತ್ತು. ಹೆಗಲ ಟವಲು ವ್ಯಾಪಾರಕ್ಕೆ ಮಾತ್ರ. ಕೊಳ್ಳುವವನ ಕೈ, ಮಾರುವವನ ಕೈ ಎರಡೂ ಅದರಡಿ ಸೇರಬೇಕು, ಬೆರಳು ಹಿಡಿದೇ ದರ ಹೇಳಬೇಕು, ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣಬೇಕು. ಶಿರಾ, ಪಾವಗಡ, ಕೊರಟಗೆರೆ, ಎಲ್ಲಿ ದನ ಸೇರಿದರೂ ಆ ಟವಲು ಅಲ್ಲಿರುತ್ತಿತ್ತು. ಅದರಡಿ ಆದ ಮಾತು ಅದರಡಿಯೇ ಉಳಿಯಬೇಕು ಎಂಬುದು ಅವರ ಕಟ್ಟುನಿಟ್ಟು. ಹಾಗಾಗಿ ಆ ಗಾಡಿಗೆ ನಾನು ಎಷ್ಟು ಕೊಟ್ಟೆ ಎಂದು ಯಾರೂ ಕೇಳಬೇಡಿ. ಶಾರದೆಗೇ ಇನ್ನೂ ಹೇಳಿಲ್ಲ.

ಉಳಿದ ದಲ್ಲಾಳಿಗಳು ದನದ ಹಿಂದೆ ನಡೆದೋ ಲಾರಿ ಹತ್ತಿಯೋ ಸಂತೆ ಸೇರುತ್ತಿದ್ದ ಎಪ್ಪತ್ತರ ದಶಕದಲ್ಲಿ ಇವರು ಯಾರೋ ಕಂಟ್ರಾಕ್ಟರರ ಕೈಯಿಂದ ಈ ಗಾಡಿಯನ್ನು ಹಿಡಿದಿದ್ದರು. ನೂರು ಸಿ.ಸಿ.ಯೂ ಇಲ್ಲದ ಪುಟ್ಟ ಎಂಜಿನ್ನು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕಾದ ಜಾತಿ. ಎಂಜಿನ್ನು ಚಿಕ್ಕದೆಂದು ಅದಕ್ಕೆ ಕರು ಎಂದು ಹೆಸರಿಟ್ಟಿದ್ದರು. ಅವರು ಹತ್ತಿ ಕೂತರೆ ಕೆಳಗೆ ಗಾಡಿ ಇದೆಯೆಂದು ಸದ್ದಿನಿಂದ ತಿಳಿಯಬೇಕಿತ್ತೇ ಹೊರತು ಕಣ್ಣಿಗೆ ಕಾಣುತ್ತಿರಲಿಲ್ಲ. ದನಕ್ಕೆ ಮಾಡುವುದನ್ನೆಲ್ಲ ಅದಕ್ಕೂ ಮಾಡುತ್ತಿದ್ದರು. ಊರಿಂದ ಬಂದ ಕೂಡಲೇ ತೊಳೆಯಲು ಬಿಡುತ್ತಿರಲಿಲ್ಲ, ಬೆವೆತ ಮೈಗೆ ನೀರು ಹಾಕಬಾರದಂತೆ. ಸಂಕ್ರಾಂತಿಯ ಸಂಜೆ ಬೀದಿಯವರೆಲ್ಲ ಎತ್ತುಗಳಿಗೆ ಕಿಚ್ಚು ಹಾಯಿಸಿದರೆ ಇವರು ಗಾಡಿಯ ಸೈಲೆನ್ಸರ್ ಬಿಚ್ಚಿ ಅದೇ ಕಿಚ್ಚಿನೊಳಗೆ ಇಡುತ್ತಿದ್ದರು. ಜನ ನಗುತ್ತಿದ್ದರು. ಆದರೆ ವರ್ಷವಿಡೀ ಒಳಗೆ ಕಟ್ಟಿಕೊಂಡ ಎಣ್ಣೆಮಸಿಯೆಲ್ಲ ಆ ಬೆಂಕಿಗೆ ಉರಿದುಹೋಗಿ, ಮಾರನೆಯ ದಿನ ತಟ್ಟಿದರೆ ಬೂದಿಯಾಗಿ ಉದುರುತ್ತಿತ್ತು. ಗಾಡಿ ಕಟ್ಟಿದ ಮೂಗು ಬಿಟ್ಟವರ ಹಾಗೆ ಉಸಿರಾಡುತ್ತಿತ್ತು.

ಇನ್ನು ನನಗೇಕೆ ಅದು ಬೇಕಾಯಿತು ಎಂಬುದು. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕೊರಟಗೆರೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಶಾರದೆ ಮಿಡಿಗೇಶಿಯ ಆಸ್ಪತ್ರೆಯಲ್ಲಿ ನರ್ಸು. ಮನೆ ಎರಡರ ನಡುವೆ ಮಧುಗಿರಿಯಲ್ಲಿ. ಬೆಳಿಗ್ಗೆ ಇಬ್ಬರಿಗೂ ಬಸ್ಸುಂಟು. ಆದರೆ ಸಂಜೆ ಅವಳ ಕೆಲಸ ಮುಗಿಯುವ ಹೊತ್ತಿಗೆ ಮಧುಗಿರಿಯ ಬಸ್ಸು ಹೊರಟುಹೋಗಿರುತ್ತಿತ್ತು. ಹಾಗಾಗಿ ಅವಳು ಆಸ್ಪತ್ರೆಯ ಹಿಂದಿನ ಹಂಚಿನ ಕೋಣೆಯಲ್ಲಿ ಒಬ್ಬಳೇ, ನಾನು ಈ ಮನೆಯಲ್ಲಿ ಒಬ್ಬನೇ. ಭಾನುವಾರ ಮಾತ್ರ ಒಂದೇ ಒಲೆ. ಬೀದಿಯವರು ನನಗೆ ಭಾನುವಾರದ ಗಂಡ ಎಂದು ಹೆಸರಿಟ್ಟರು. ಶನಿವಾರ ನಾನು ತರಕಾರಿ ಚೀಲ ಹಿಡಿದು ಬರುವಾಗ ಮನೆ ಮಾಲೀಕರ ಹೆಂಡತಿ ಜಗುಲಿಯಿಂದಲೇ ನಾಳೆ ಏನಪ್ಪಾ ಹಬ್ಬವಾ ಎಂದು ಕೇಳುವರು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಮದುವೆಯಾಗಿ ಎರಡು ವರ್ಷವಾದರೂ ಹೆಂಡತಿ ಯಾವ ಹೊತ್ತಿಗೆ ಏಳುತ್ತಾಳೆ ಎಂದು ಸರಿಯಾಗಿ ತಿಳಿಯದ ಗಂಡನನ್ನು ಜನ ನಗದೆ ಇನ್ನೇನು ಮಾಡಿಯಾರು?

ಸ್ವಂತ ಗಾಡಿಯೊಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಸಂಜೆ ಕಚೇರಿ ಬಿಟ್ಟವನು ಮಧುಗಿರಿ ದಾಟಿ ನೇರ ಮಿಡಿಗೇಶಿಗೆ ಹೋಗಿ ಅವಳನ್ನು ಕೂರಿಸಿಕೊಂಡು ಬರಬಹುದು. ಹೊಸದು ನನ್ನ ಕೈಗೆ ಎಟುಕುವಂಥದ್ದಲ್ಲ. ಅಷ್ಟರಲ್ಲಿ ತಿಮ್ಮರಾಯಪ್ಪನವರ ಮಂಡಿ ಕೈಕೊಟ್ಟಿದೆ, ಕಿಕ್ ಹೊಡೆಯಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ಗಾಡಿ ಮಾರುತ್ತಾರಂತೆ ಎಂಬ ಸುದ್ದಿ ಬಂತು. ಓಡಿದೆ. ಏತಕ್ಕೆ ಬೇಕು ಎಂದು ಕೇಳಿದರು. ಹೆಂಡತಿಯನ್ನು ಕರೆತರಲು ಎಂದು ಸಂತೆಮಾಳದಲ್ಲಿ ಅಷ್ಟು ಜನರ ಮುಂದೆ ಯಾವನು ಹೇಳುತ್ತಾನೆ? ಆಫೀಸಿಗೆ ಹೋಗಿಬರಲು ಎಂದೆ.

ಹಿತ್ತಲು ನೋಡಿ ಒಪ್ಪಿದ ಮೇಲೆ ಕೈಮೇಲೆ ಟವಲು ಹೊದಿಸಿ ಮುಂದೆ ಚಾಚಿದರು. ಬೆರಳಿನ ಲೆಕ್ಕ ನನಗೆ ಬಾರದು. ಕೈ ಒಳಗೆ ಹಾಕಿದವನೇ, ಸಾಹೇಬರಿಗೆ ಕೈಕುಲುಕಿದ ಹಾಗೆ ಅವರ ಐದು ಬೆರಳನ್ನೂ ಒಟ್ಟಿಗೆ ಹಿಡಿದುಬಿಟ್ಟೆ. ಅವರ ಹುಬ್ಬು ಮೇಲೇರಿತು. ನಾನು ಹಿಡಿದ ದರಕ್ಕೆ ಒಂದು ಜೊತೆ ಒಳ್ಳೆಯ ಎತ್ತೇ ಬರುತ್ತಿತ್ತೆಂದು ಆಮೇಲೆ ತಿಳಿಯಿತು. ಅವರು ನನ್ನ ಮುಖವನ್ನೇ ನೋಡಿ, ಟವಲಿನಡಿ ನನ್ನ ಬೆರಳುಗಳನ್ನು ಒಂದೊಂದಾಗಿ ತಾವೇ ಬಿಡಿಸಿದರು. ಮಾರುವವನೇ ದರ ಇಳಿಸಿಕೊಂಡ ವ್ಯಾಪಾರ ಮಧುಗಿರಿ ಸೀಮೆಯಲ್ಲೇ ಅದೊಂದೇ ಇರಬೇಕು.

ಆದರೆ ಗಾಡಿ ಅಷ್ಟು ಸಲೀಸಾಗಿ ಕೈಗೆ ಬರಲಿಲ್ಲ. ಕೀಲಿಕೈಗೆ ಕರಿ ಉಣ್ಣೆಯಲ್ಲಿ ಹೊಸೆದ ಒಂದು ಪುಟ್ಟ ಹಗ್ಗ ಕಟ್ಟಿತ್ತು. ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಬೋಳು ಕೀಲಿಕೈಯನ್ನು ನನ್ನ ಮುಂದೆ ಹಿಡಿದರು. ದನ ಮಾರಿದವನು ಹಗ್ಗ ಕೊಡಬಾರದು, ಕೊಟ್ಟರೆ ಕೊಟ್ಟಿಗೆಯ ಭಾಗ್ಯವೂ ಅದರ ಜೊತೆ ಹೋಗುತ್ತದೆ, ಹೊಸ ಹಗ್ಗ ಕೊಂಡವನೇ ತರಬೇಕು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ಅದನ್ನು ಕಬ್ಬಿಣದ ಗಾಡಿಗೂ ಅನ್ವಯಿಸಿದವರು ಇವರೊಬ್ಬರೇ.

"ನೋಡು ಗುಮಾಸ್ತಪ್ಪ, ಸೋಮವಾರ ಮಾತ್ರ ಇದನ್ನ ಹೂಡಂಗಿಲ್ಲ. ನಿಮ್ಮನೇಲಿ ಇದಕ್ಕೆ ಒಗ್ಗಲಿಲ್ಲ ಅಂತ ನನಗೆ ಅನ್ನಿಸ್ತೋ, ಹಗ್ಗ ತಗೊಂಡು ಬತ್ತೀನಿ. ಕೊಟ್ಟ ದುಡ್ಡು ಕೊಟ್ಟು ಹಿಡ್ಕೊಂಡು ಹೋಯ್ತೀನಿ."

ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡಬಾರದು, ಸರಿ. ಆದರೆ ಸರ್ಕಾರಿ ಕಚೇರಿಗೆ ಸೋಮವಾರ ರಜೆಯಿಲ್ಲವಲ್ಲ? ಬಸ್ಸಿಲ್ಲವಾ ಎಂದರು. ವಾರಕ್ಕೊಂದು ದಿನ ತಾನೇ ಎಂದು ತಲೆಯಾಡಿಸಿದೆ.

ಕೀಲಿಕೈಗೆ ಶಾರದೆ ಬ್ಯಾಂಡೇಜಿನ ಬಟ್ಟೆ ಹೊಸೆದು ಲಾಡಿ ಕಟ್ಟಿದಳು. ಹೊಸ ದನ ಮನೆಗೆ ಬಂದಾಗ ಮೊದಲ ಮೇವು ಮನೆಯ ಹೆಂಗಸು ಹಾಕಬೇಕೆಂದು ಅವರು ಪಟ್ಟು ಹಿಡಿದದ್ದರಿಂದ ಮೊದಲ ಪೆಟ್ರೋಲನ್ನೂ ಅವಳೇ ಸುರಿದಳು. ಆಮೇಲೆ ಗಾಡಿಯ ಚಾಕರಿ ನನ್ನ ಪಾಲಿಗೆ ಬಂತು. ಅಲ್ಲೇ ಎಡವಟ್ಟಾಯಿತು. ತುಪ್ಪ ಹೆಚ್ಚಾದರೆ ಮೈಗೆ ಒಳ್ಳೆಯದೇ ಎಂಬ ಲೆಕ್ಕದಲ್ಲಿ ಪೆಟ್ರೋಲಿಗೆ ಅವರು ಹೇಳಿದ್ದಕ್ಕಿಂತ ಧಾರಾಳವಾಗಿ ಎಣ್ಣೆ ಬೆರೆಸಿದೆ. ವಾರ ತುಂಬುವಷ್ಟರಲ್ಲಿ ಗಾಡಿ ಬೀದಿ ತುಂಬ ಹೊಗೆ ಬಿಟ್ಟು ಮುಷ್ಕರ ಹೂಡಿತು. ಒದ್ದೂ ಒದ್ದೂ ನನ್ನ ಚಪ್ಪಲಿ ಕಿತ್ತುಹೋಯಿತು. ಒಗ್ಗಲಿಲ್ಲ ಎಂದು ಹಿಡಿದುಕೊಂಡು ಹೋಗುತ್ತಾರೆ ಎಂಬ ಭಯಕ್ಕೆ ಅವರಿಗೆ ಹೇಳಿಯೂ ಕಳಿಸಲಿಲ್ಲ. ಹೊಗೆಯ ಸುದ್ದಿ ತಾನೇ ನಡೆದುಹೋಗಿ ಮುಟ್ಟಿತು.

ಹಿತ್ತಲಿನಿಂದ ಬಂದರು. ಪ್ಲಗ್ ಬಿಚ್ಚಿಸಿ ನೋಡಿದರು. ಎಣ್ಣೆಯಲ್ಲಿ ಮಿಂದು ಕರ್ರಗೆ ಕೂತಿತ್ತು. ಇದೇನು ಗಾಡಿಯೋ ಬಾಣಂತಿಯೋ, ಇಷ್ಟು ಎಣ್ಣೆ ಹಾಕಿದೀಯಲ್ಲ ಎಂದು ಬೈದರು. ಪ್ಲಗ್ಗನ್ನು ಉಪ್ಪುಕಾಗದದಿಂದ ಉಜ್ಜಿ, ಟ್ಯಾಂಕು ಖಾಲಿ ಮಾಡಿಸಿ, ಎಣ್ಣೆಯ ಅಳತೆಗೆ ಶಾರದೆಯ ಔಷಧದ ಅಳತೆಲೋಟವನ್ನೇ ಗೊತ್ತುಮಾಡಿ, ಇನ್ನು ಮೇಲೆ ಎಣ್ಣೆ ಬೆರೆಸುವ ಕೆಲಸ ನರ್ಸಮ್ಮನದು, ನಿನ್ನ ಕೈ ಬೇಡ ಎಂದು ಆಜ್ಞೆ ಮಾಡಿದರು. ನನಗೆ ಅವಮಾನವಾಗಬೇಕಿತ್ತು. ಆದರೆ ಹಗ್ಗ ಅವರ ಜೇಬಿನಿಂದ ಹೊರಗೆ ಬರಲಿಲ್ಲವಲ್ಲ ಎಂಬ ನೆಮ್ಮದಿಯಲ್ಲಿ ಬೈಗುಳ ಕಿವಿಗೇ ಹೋಗಲಿಲ್ಲ.

ಅಲ್ಲಿಂದ ಮುಂದಿನ ತಿಂಗಳುಗಳು ನಮ್ಮ ಸಂಸಾರದ ನಿಜವಾದ ಶುರು. ಸಂಜೆ ಮಿಡಿಗೇಶಿಯ ಕೋಟೆ ಬೆಟ್ಟ ಕಾಣುವ ಹೊತ್ತಿಗೆ ಗಾಡಿಯ ಸದ್ದು ಕೇಳಿ ಶಾರದೆ ಆಸ್ಪತ್ರೆಯ ಮುಂದಿನ ಕಲ್ಲುಚಪ್ಪಡಿಯಿಂದ ಎದ್ದು ನಿಲ್ಲುತ್ತಿದ್ದಳು. ಹಿಂದೆ ಕೂತು ದಿನದ ಹೆರಿಗೆ, ಗಾಯ, ಜಗಳಗಳನ್ನೆಲ್ಲ ನನ್ನ ಕಿವಿಗೆ ಹೇಳುತ್ತ ಬರುವಳು. ಅರ್ಧ ಗಾಳಿಗೆ ಹೋಗುತ್ತಿತ್ತು, ಉಳಿದರ್ಧಕ್ಕೇ ನನಗೆ ಹೊಟ್ಟೆ ತುಂಬುತ್ತಿತ್ತು. ಸೋಮವಾರ ಮಾತ್ರ ನಾನು ಬಸ್ಸಿಗೆ, ಅವಳು ಹಂಚಿನ ಕೋಣೆಗೆ.

ಹೀಗಿರುತ್ತ ಒಂದು ಸೋಮವಾರ ಆ ಕೋಣೆಯ ಹಂಚಿನ ಸಂದಿಯಿಂದ ಹಾವೊಂದು ಇಳಿದು, ಅವಳ ಹಾಸಿಗೆಯ ಪಕ್ಕದ ಗೋಡೆ ಹಿಡಿದು ಮತ್ತೆ ಸೂರಿಗೆ ಏರಿಹೋಯಿತು. ಹುಡುಕಿಸಿದರೂ ಸಿಗಲಿಲ್ಲ. ಎಂಥ ಹೆರಿಗೆಗೂ ಅಂಜದ ಹೆಂಗಸು ಅದನ್ನು ಹೇಳುವಾಗ ನಮ್ಮ ಮನೆಯ ಸೂರನ್ನೂ ಮತ್ತೆ ಮತ್ತೆ ನೋಡಿದಳು. ಮುಂದಿನ ಭಾನುವಾರ ಊಟಕ್ಕೆ ಕೂತಾಗ, ನಾಳೆ ನಾನು ಅಲ್ಲಿ ಮಲಗಲಾರೆ, ಬೇಕಾದರೆ ಕೆಲಸ ಬಿಡುತ್ತೇನೆ ಎಂದಳು. ಬಸವಣ್ಣ ದೊಡ್ಡವನು, ಕ್ಷಮಿಸುತ್ತಾನೆ ಎಂದುಕೊಂಡು ಮಾರನೆಯ ಬೆಳಿಗ್ಗೆ ಗಾಡಿ ತೆಗೆದೆ.

ನಮ್ಮ ಗ್ರಹಚಾರ ನೋಡಿ. ಅದೇ ದಿನ ತಿಮ್ಮರಾಯಪ್ಪನವರು ಆ ಸೀಮೆಯಲ್ಲಿದ್ದ ತಮ್ಮ ತುಂಡು ಹೊಲದ ಪಹಣಿ ಪಡೆಯಲೆಂದು ಬಸ್ಸಿನಲ್ಲಿ ಕೊರಟಗೆರೆಗೆ, ಅದೂ ನಮ್ಮ ಕಚೇರಿಗೇ ಬಂದಿದ್ದರು. ಮಧ್ಯಾಹ್ನ ನಾನು ಊಟಕ್ಕೆಂದು ಹೊರಗೆ ಬಂದರೆ ಬೇವಿನ ಮರದಡಿ ಗಾಡಿಯಿಲ್ಲ. ಅದರ ಹ್ಯಾಂಡಲ್ ಲಾಕು ಕೆಟ್ಟು ಯಾವ ಕಾಲವಾಗಿತ್ತೋ. ಜವಾನನನ್ನು ಕೂಗಿದೆ. ದಪ್ಪನೆಯ ಯಜಮಾನರೊಬ್ಬರು ಅದನ್ನು ತಳ್ಳಿಕೊಂಡು ಮಧುಗಿರಿ ರಸ್ತೆಯ ಕಡೆ ಹೋದರು ಎಂದು ಜವಾನ ಹೇಳಿದ. ನಿನ್ನೆದುರೇ ತಳ್ಳಿಕೊಂಡು ಹೋದರೂ ಸುಮ್ಮನಿದ್ದೆಯಾ ಎಂದರೆ, ಹತ್ತಿಕೊಂಡು ಹೋಗಿದ್ದರೆ ಕಳ್ಳ ಅನ್ನಬಹುದಿತ್ತು ಸಾರ್, ಕಳ್ಳ ಯಾರಾದರೂ ತಳ್ಳುತ್ತಾನಾ ಎಂದ.

ಓಡಿದೆ. ಊರು ದಾಟಿದ ಮೇಲೆ, ಹುಣಸೆಮರಗಳ ಸಾಲಿನಲ್ಲಿ ಅವರು ಕಂಡರು. ಹ್ಯಾಂಡಲ್ಲಿಗೆ ಕರಿ ಉಣ್ಣೆಯ ಹಗ್ಗ ಕಟ್ಟಿತ್ತು. ಕುಂಟುವ ಮಂಡಿಯಲ್ಲಿ, ಮೈಯೆಲ್ಲ ಬೆವರಾಗಿ, ಗಾಡಿಯನ್ನು ತಳ್ಳಿಕೊಂಡು ಮಧುಗಿರಿಗೆ ಹೊರಟಿದ್ದರು. ಹಿಡಿದುಕೊಂಡು ಹೋಗುವ ಹಕ್ಕು ತಮ್ಮದು, ಆದರೆ ಸೋಮವಾರವಾದ್ದರಿಂದ ಹತ್ತುವಂತಿಲ್ಲ!

ನನ್ನ ಗಾಡಿ ನಿಲ್ಲಿಸಿ ಎಂದು ಕೂಗಿದೆ.

"ಗಾಡಿ ನಿಂದೇ. ಇಲ್ಲ ಅಂದೋರ್ಯಾರು? ಹಗ್ಗ ನಂದು," ಎಂದರು, ನಿಲ್ಲದೆ. "ದುಡ್ಡು ನಾಳೆ ತಂದ್ಕೊಡ್ತೀನಿ. ಬ್ಯಾಡ ಅಂದಿದ್ದೆ, ನೀನು ತಲೆ ಆಡ್ಸಿದ್ದೆ. ಮಾತು ನಿಲ್ದಿರೋ ಮನೇಲಿ ದನ ಬುಡಾಕಾಯ್ತದಾ?"

ನನ್ನ ಸಿಟ್ಟು ನೆತ್ತಿಗೇರಿತು. ಕಬ್ಬಿಣಕ್ಕೆ ಯಾವ ವಾರ, ಯಾವ ಬಸವಣ್ಣ, ನಿಮಗೆ ಅರಳುಮರಳು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಮುಖ ತಿರುಗಿಸಲೂ ಇಲ್ಲ. ತಳ್ಳುತ್ತಲೇ ಇದ್ದರು. ಅವರ ಮಂಡಿ ಪ್ರತಿ ಹೆಜ್ಜೆಗೂ ಕುಸಿಯುವುದು ಕಾಣುತ್ತಿತ್ತು. ಕೂಗಿ ಕೂಗಿ ನನ್ನ ಸಿಟ್ಟು ಇಳಿಯಿತು, ಆ ಜಾಗಕ್ಕೆ ಹೆದರಿಕೆ ಬಂತು. ಸಂಜೆ ಶಾರದೆ ಆ ಕಲ್ಲುಚಪ್ಪಡಿಯ ಮೇಲೆ ಕೂತು ಸದ್ದಿಗೆ ಕಿವಿಗೊಟ್ಟಿರುತ್ತಾಳೆ. ಕತ್ತಲಾದ ಮೇಲೆ ಆ ಕೋಣೆಯ ಬಾಗಿಲು ತೆಗೆಯಬೇಕು. ನಾಳೆಯಿಂದ ಮತ್ತೆ ನಾನು ಭಾನುವಾರದ ಗಂಡ.

ಮುಂದಕ್ಕೆ ಹೋಗಿ ಚಕ್ರಕ್ಕೆ ಅಡ್ಡ ನಿಂತೆ. ಸಂತೆಮಾಳದಲ್ಲಿ ಹೇಳದ್ದನ್ನೆಲ್ಲ ಹೇಳಿದೆ. ಎರಡು ಊರು, ಎರಡು ಒಲೆ, ಬೀದಿಯವರ ನಗು, ಹಂಚಿನ ಹಾವು.

"ಆಫೀಸಿಗೆ ಅಂತ ತಗೊಂಡಿದ್ದಲ್ಲ ಯಜಮಾನ್ರೇ. ಹೆಂಡತೀನ ಮನೆಗೆ ಕರ್ಕೊಂಡು ಬರಕ್ಕೆ ತಗೊಂಡಿದ್ದು."

ಅವರು ನಿಂತರು. ಗಾಡಿಯನ್ನು ನೆರಳಿಗೆ ಎಳೆದು ಸ್ಟ್ಯಾಂಡು ಹಾಕಿದರು. ಸೊಂಟದ ಚೌಕ ತೆಗೆದು ಮುಖ ಒರೆಸಿಕೊಂಡು ಹುಣಸೆಯ ಬೇರಿನ ಮೇಲೆ ಕೂತರು. ಮೊದಲೇ ಯಾಕಪ್ಪ ಹೇಳಲಿಲ್ಲ ಎಂದರು. ಆಮೇಲೆ ತಮ್ಮ ಹೆಂಡತಿ ಗಂಗಮ್ಮನ ಮಾತು ತೆಗೆದರು. ಆಕೆ ತೀರಿಹೋಗಿ ಕೆಲವು ವರ್ಷಗಳಾಗಿದ್ದವೆಂಬುದು ಮಾತ್ರ ನನಗೆ ಗೊತ್ತಿತ್ತು.

ಗಾಡಿ ಬಂದ ಹೊಸದರಲ್ಲಿ ಅವರ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲವಂತೆ. ನಡೆದು ಹೋಗುತ್ತಿದ್ದಾಗ ತಲುಪಲಾಗದ ಸಂತೆಗಳೆಲ್ಲ ಈಗ ಕೈಗೆ ಸಿಕ್ಕಿದ್ದವು. ಇವತ್ತು ಪಾವಗಡ, ನಾಳೆ ಶಿರಾ. ಗಂಗಮ್ಮ ಜಗಳವಾಡಲಿಲ್ಲ. ಒಂದು ದಿನ ಗಾಡಿಯ ಪಕ್ಕ ನಿಂತು, ಎತ್ತಿಗೆ ಸೋಮವಾರ ಬಿಡುವು ಕೊಡುತ್ತೀಯಲ್ಲ, ಇದೂ ನಿನ್ನನ್ನು ಹೊರುವ ದನವೇ ತಾನೇ, ಇದಕ್ಕೂ ಕೊಡು, ಇಲ್ಲದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ ಎಂದಳಂತೆ. ಅಲ್ಲಿಂದ ಸೋಮವಾರ ಬಂತೆಂದರೆ ಅವರು ಅಂಗಳದಲ್ಲಿ ಗಾಡಿ ಒರೆಸುವುದು, ಆಕೆ ಎದುರಿಗೆ ಕೂತು ಉಣ್ಣೆ ಹೊಸೆಯುವುದು. ಆ ಕೀಲಿಕೈ ಹಗ್ಗ ಅಂಥದೊಂದು ಸೋಮವಾರ ಹೊಸೆದದ್ದು.

"ಗಾಡಿ ಮ್ಯಾಲಿನ ಕರುಣೆಗೆ ಹೇಳಿದ್ದಲ್ಲ ಅಂತ ನಂಗೂ ಗೊತ್ತಿತ್ತು ಕಣಪ್ಪ. ಗೊತ್ತಿಲ್ದಂಗೇ ಇದ್ದೆ. ಅವಳು ಹೋದ್ಮೇಲೂ ಸೋಮವಾರ ಹೂಡಕ್ಕೆ ಕೈ ಬರ್ಲಿಲ್ಲ."

ಅವರೇ ಎದ್ದು, ಹ್ಯಾಂಡಲ್ಲಿನ ಹಗ್ಗ ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ನನ್ನ ಮನೆ ಸೇರ್ಸಕ್ಕೆ ಅಂತ ಅವಳು ಮಾಡಿದ್ ನೇಮ ಅದು. ಇದು ನಿನ್ನ ಹೆಂಡ್ತೀನ ದಿನಾ ಮನೆ ಸೇರುಸ್ತೈತೆ. ಹೂಡು, ಸೋಮವಾರಾನೂ ಹೂಡು."

ಹೋದ ಜೀವ ಬಂದ ಹಾಗಾಯಿತು. ಅವರ ಕಾಲಿಗೆ ಬೀಳಬೇಕೆನ್ನಿಸಿತು. ಬೀಳುವ ಬದಲು ಕಿಕ್ ಹೊಡೆದೆ. ಹೊತ್ತಲಿಲ್ಲ. ಮತ್ತೆ ಹೊಡೆದೆ, ಇಲ್ಲ. ಬಸವಣ್ಣ ಕ್ಷಮಿಸಲಿಲ್ಲವೇನೋ ಎಂದುಕೊಂಡೆ. ಅವರು ಬಗ್ಗಿ, ತಳ್ಳುವ ಮುಂಚೆ ತಾವೇ ಮುಚ್ಚಿದ್ದ ಪೆಟ್ರೋಲಿನ ನಲ್ಲಿಯನ್ನು ತಿರುಗಿಸಿದರು. ಹೊತ್ತಿಕೊಂಡಿತು. ಅವರು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಅವರ ಪಹಣಿಯನ್ನು ನಾನೇ ಓಡಾಡಿ ತೆಗೆಸಿಕೊಟ್ಟೆ. ಕಚೇರಿ ಬಿಟ್ಟ ಮೇಲೆ ಮಧುಗಿರಿಯವರೆಗೆ ಹಿಂದೆ ಕೂರಿಸಿಕೊಂಡು ಬಂದೆ. ಸೋಮವಾರ ಅವರು ಆ ಗಾಡಿ ಹತ್ತಿದ್ದು ಗಂಗಮ್ಮ ನೇಮ ಹಾಕಿದ ಮೇಲೆ ಅದೇ ಮೊದಲು. ದಾರಿಯುದ್ದಕ್ಕೂ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದಿದ್ದರು. ಅವರನ್ನು ಇಳಿಸಿ ಮಿಡಿಗೇಶಿ ಮುಟ್ಟುವಾಗ ಹೊತ್ತು ಮೀರಿತ್ತು. ಶಾರದೆ ಚಪ್ಪಡಿಯ ಮೇಲೆ ನಿಂತೇ ಇದ್ದಳು. ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದಿರಿ ಎಂದು ಬೈದಳು. ಅಷ್ಟು ಇಂಪಾದ ಬೈಗುಳ ನಾನು ಕೇಳಿರಲಿಲ್ಲ.

ಆಮೇಲೂ ಹಗ್ಗ ಅವರ ಜೇಬಿನಲ್ಲೇ ಇತ್ತು. ತಿಂಗಳಿಗೊಮ್ಮೆಯಾದರೂ ಹಿತ್ತಲಿನಿಂದ ಬಂದು ಪರೀಕ್ಷೆ ಮಾಡುವರು. ಚೈನು ಒಣಗಿದ್ದರೆ ನನಗೆ ಬೈಗುಳ, ಪ್ಲಗ್ಗು ಚೊಕ್ಕಟವಾಗಿದ್ದರೆ ಶಾರದೆಗೆ ಹೊಗಳಿಕೆ. ಅವಳಿಗೆ ಮಧುಗಿರಿಯ ಆಸ್ಪತ್ರೆಗೇ ವರ್ಗವಾದ ಮೇಲೆ ಗಾಡಿಯ ಅಗತ್ಯ ಅಷ್ಟಿರಲಿಲ್ಲ. ಮಾರುವ ಮಾತು ಮಾತ್ರ ನಮ್ಮಿಬ್ಬರ ಬಾಯಲ್ಲೂ ಬರಲಿಲ್ಲ. ಅಷ್ಟರಲ್ಲಿ ಶಾರದೆ ಕಿಕ್ ಹೊಡೆದು ಬೀದಿಯ ತುದಿಯವರೆಗೆ ಓಡಿಸುವುದನ್ನೂ ಕಲಿತಿದ್ದಳು. ಮನೆ ಮಾಲೀಕರ ಹೆಂಡತಿಗೆ ನಗಲು ಹೊಸ ವಿಷಯ ಸಿಕ್ಕಿತ್ತು.

ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ತಿಮ್ಮರಾಯಪ್ಪನವರು ಕೊನೆಯ ಸಲ ಬಂದರು. ಪಾವಗಡದಾಚೆ ತೆಲುಗು ಸೀಮೆಯಲ್ಲಿದ್ದ ಮಗಳ ಮನೆಗೆ ಹೋಗಿ ಇದ್ದುಬಿಡುತ್ತೇನೆ ಎಂದರು. ಹಿಂದಿನಿಂದ ಒಂದು ಸುತ್ತು ಬಂದು ಗಾಡಿ ನೋಡಿದರು, ಸೀಟಿಗೆ ತಟ್ಟಿದರು, ಎಂದಿನಂತೆ ಯಾವ ತಪ್ಪಿಗಾದರೂ ಬೈಯುತ್ತಾರೆಂದು ನಾನು ಕಾದೆ. ಬೈಯಲಿಲ್ಲ. ಕೀಲಿಕೈ ಕೇಳಿ ಇಸಿದುಕೊಂಡು, ಮಾಸಿಹೋಗಿದ್ದ ಬ್ಯಾಂಡೇಜಿನ ಲಾಡಿ ಬಿಚ್ಚಿ, ಜೇಬಿನಿಂದ ಕರಿ ಉಣ್ಣೆಯ ಹಗ್ಗ ತೆಗೆದು ತಾವೇ ಕಟ್ಟಿದರು.

ಹಗ್ಗ ಕೊಟ್ಟರೆ ಕೊಟ್ಟಿಗೆಯ ಭಾಗ್ಯ ಹೋಗುತ್ತದೆ ಅಂದಿದ್ದಿರಲ್ಲ ಎಂದು ಶಾರದೆ ತಡೆದಳು.

"ಹೋಗ್ಲಿ ಬುಡು ಕಣಮ್ಮ. ಎಲ್ಲಿ ಹೋಗ್ತೈತೆ? ನಿಮ್ಮನೇಗೆ ತಾನೆ," ಎಂದರು. ಲಾಡಿಯನ್ನು ಮಡಿಸಿ ತಮ್ಮ ಜೇಬಿಗೆ ಹಾಕಿಕೊಂಡರು.

ಇಷ್ಟು ವರ್ಷ ಆ ಹಗ್ಗಕ್ಕೆ ಹೆದರಿದವನು ನಾನು. ಅದು ನನ್ನ ಕೈಗೆ ಬಂದಾಗ ಎದೆಯ ಮೇಲಿನ ಭಾರ ಇಳಿದಂತೆಯೇ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಇನ್ನು ಹಿತ್ತಲಿನಿಂದ ಯಾರೂ ಬರುವುದಿಲ್ಲವಲ್ಲ ಎಂದು ಅದರ ಹಿಂದೆಯೇ ಅಳುವೂ ಬಂತು. ಹಗ್ಗ ಕೊಟ್ಟವನು ತಿರುಗಿ ನೋಡಬಾರದು, ನೋಡಿದರೆ ದನ ಕೊರಗುತ್ತದೆ ಎಂದು ಹೇಳಿ, ಊಟಕ್ಕೂ ನಿಲ್ಲದೆ, ಮುಂಬಾಗಿಲಿನಿಂದಲೇ ಬೀದಿಗೆ ಇಳಿದರು. ಕುಂಟುತ್ತ ಬಸ್ ನಿಲ್ದಾಣದ ಕಡೆಗೆ ನಡೆದರು. ನಾನು ಬಾಗಿಲಲ್ಲಿ ಮರದಂತೆ ನಿಂತಿದ್ದೆ. ಶಾರದೆ ನನ್ನ ಕೈಯಿಂದ ಕೀಲಿಕೈ ಕಿತ್ತುಕೊಂಡು ಹೋಗಿ ಗಾಡಿಗೆ ಕಿಕ್ ಹೊಡೆದಳು. ಒಂದೇ ಒದೆಗೆ ಹೊತ್ತಿಕೊಂಡಿತು.

ಆ ಸದ್ದು ಕೇಳಿ ಬೀದಿಯ ತುದಿಯಲ್ಲಿ ಅವರು ನಿಂತರು. ತಿರುಗಲಿಲ್ಲ. ಹೆಗಲ ಮೇಲಿನ ಕೆಂಪಂಚಿನ ಟವಲು ತೆಗೆದು, ಬೆನ್ನು ನಮ್ಮ ಕಡೆಗೇ ಇಟ್ಟುಕೊಂಡು, ತಲೆಯ ಮೇಲೆತ್ತಿ ಬೀಸಿದರು. ಆಮೇಲೆ ಅದರಲ್ಲೇ ಮುಖ ಒರೆಸಿಕೊಂಡು ಮುಂದಕ್ಕೆ ಹೋದರು.